ಕತ್ತಲಿಗೊಂದು ಒನ್ಸ್ ಮೋರ್

ಬೆಳಿಗ್ಗೆ ಹಾರ್ಮೋನಿಯಂ ಪೆಟ್ಟಿಗೆ ತೆರೆದೆ. ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಹೋದ ವರ್ಷ ಕೊಳ್ಳೇಗಾಲದ ಛತ್ರದಲ್ಲಿ ಕಳೆದ ಆ ಸಂಜೆ ಎದುರಿಗೆ ಬಂದು ಕೂತಿತು. ನಿಮಗೆ ಹೇಳದೆ ಇನ್ಯಾರಿಗೆ ಹೇಳಲಿ?

ನಾನು ಹಳೆಯ ಡ್ರಾಮಾ ಮೇಷ್ಟ್ರು. ಹನೂರು, ಕಾಮಗೆರೆ, ಯಳಂದೂರು ಕಡೆಯ ಊರುಗಳಲ್ಲಿ ಪೌರಾಣಿಕ ನಾಟಕ ಕಲಿಸಿದವನು. ಶ್ರುತಿ ತಪ್ಪಿದವನಿಗೆ ಬೈಯಲು ಹೋಗಿ, ಅವನ ಕೈಯ ಗದೆ ನೋಡಿ ಸುಮ್ಮನಾದದ್ದೂ ಉಂಟು.

ಅಕ್ಕನ ಮಗಳು ಸೌಮ್ಯ ಟೀಚರ್ ಕೆಲಸ ಬಿಟ್ಟು ಸಿನಿಮಾ ಮಾಡತೊಡಗಿದ್ದಳು. ಕಥೆಯಿಲ್ಲ, ಮಾತಿಲ್ಲ, ಹೀರೋ ಅಂತೂ ಇಲ್ಲವೇ ಇಲ್ಲ. ಕುಂತೂರಿನ ಸಕ್ಕರೆ ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರಿನ ಕಬ್ಬಿನ ನೆರಳು ಗೋಡೆಗಳ ಮೇಲೆ ಹರಿಯುತ್ತದೆ, ನಿಲ್ಲುತ್ತದೆ, ಮತ್ತೆ ಹರಿಯುತ್ತದೆ. ಅಂಥ ಮೂರು ಚಿತ್ರ ಆ ಸಂಜೆ ಛತ್ರದಲ್ಲಿ ತೋರಿಸುವುದು, ಪಕ್ಕದಲ್ಲಿ ಕೂತು ನಾನು ನುಡಿಸುವುದು. ಅಕ್ಕ ಮೊದಲೇ ಷರತ್ತು ಹಾಕಿದ್ದಳು: "ಜನ ಎದ್ದೋದ್ರೆ ಈ ಉಚ್ಚಾಟ ಸಾಕು. ಮತ್ತೆ ಸ್ಕೂಲ್ಗೆ ಓಗು."

ಸೌಮ್ಯ ನನಗೆ ಹೇಳಿದ್ದು ಒಂದೇ. "ಮಾವ, ಕಬ್ಬಿನ ಚಿತ್ರದ ಮಧ್ಯ ಪರದೆ ಕಪ್ಪಾಯ್ತದೆ. ಕರೆಂಟ್ ಓಗಿರಾಕಿಲ್ಲ, ಚಿತ್ರನೇ ಅಂಗೆ. ಆಗ ನುಡಿಸ್ಬ್ಯಾಡ." ನಾನೇನೋ ತಲೆಯಾಡಿಸಿದೆ.

ಛತ್ರ ತುಂಬಿತ್ತು. ನೆಂಟರಿಷ್ಟರಿಗೆಲ್ಲ ನಾನು 'ಪಿಚ್ಚರ್' ಎಂದೇ ಹೇಳಿದ್ದೆನಲ್ಲ. ಎರಡು ಚಿತ್ರ ಮುಗಿಯುವಷ್ಟರಲ್ಲಿ ಕುರ್ಚಿಗಳು ಕಿರುಗುಟ್ಟತೊಡಗಿದವು. "ಈರೋ ಯಾವಾಗ ಬತ್ತಾನ್ಲಾ?" ಎಂದು ಒಬ್ಬ ಕೇಳಿದ. ಅಕ್ಕ ಹಿಂದಕ್ಕೆ ತಿರುಗಿ ತಿರುಗಿ ಬಾಗಿಲ ಕಡೆ ನೋಡುತ್ತಿದ್ದಳು.

ಕೊನೆಗೆ ಕಬ್ಬಿನ ಚಿತ್ರ. ಪರದೆ ಕಪ್ಪಾಯಿತು. ನೋಡಿ, ನಾಟಕದಲ್ಲಿ ಸೀನು ಬದಲಾಗುವಾಗ ಹಾರ್ಮೋನಿಯಂ ನಿಂತರೆ ಜನ ಸಿಳ್ಳೆ ಹೊಡೆಯುತ್ತಾರೆ; ಆ ಭಯದಲ್ಲೇ ಹಣ್ಣಾದ ಕೈ ಇದು. ಬುದ್ಧಿ ಬೇಡವೆಂದರೂ ಬೆರಳು ಕೇಳಲಿಲ್ಲ. ಸೀನು ಬದಲಾಗುವ ಮಟ್ಟನ್ನು ಗಟ್ಟಿಯಾಗಿ ಬಾರಿಸಿಬಿಟ್ಟೆ. ಹುಡುಗಿಯ ಆಸೆಗೆ ನಾನೇ ಮಣ್ಣು ಹಾಕಿದೆನಲ್ಲ ಎಂದುಕೊಂಡೆ.

ಆದರೆ ಕುರ್ಚಿಗಳ ಸದ್ದು ನಿಂತಿತು. ಆ ಮಟ್ಟು ಕೇಳಿದರೆ ಮುಂದೇನೋ ಬರುತ್ತದೆ ಎಂದು ನಮ್ಮ ಜನಕ್ಕೆ ಗೊತ್ತು. ನೆರಳು ಮತ್ತೆ ಹರಿದಾಗ ಎಲ್ಲರೂ ನೆಟ್ಟಗೆ ಕೂತು ನೋಡುತ್ತಿದ್ದರು. ಚಿತ್ರ ಮುಗಿದೊಡನೆ ಹಿಂದಿನಿಂದ "ಒನ್ಸ್ ಮೋರ್" ಎಂಬ ಕೂಗು ಬಂತು. ನಾಟಕದ ಹಾಡು ಹಿಡಿಸಿದರೆ ಹೀಗೆ ಕೂಗುತ್ತಾರೆ. ಕೂಗಿದರೆ ಮೇಷ್ಟ್ರು ಮತ್ತೆ ಎತ್ತಿಕೊಳ್ಳಲೇಬೇಕು. ಎತ್ತಿಕೊಂಡೆ. ಸೌಮ್ಯ ಕಕ್ಕಾಬಿಕ್ಕಿಯಾಗಿ ನನ್ನನ್ನು ನೋಡಿ, ಲ್ಯಾಪ್‌ಟಾಪಿನ ಹತ್ತಿರ ಓಡಿ, ಚಿತ್ರವನ್ನು ಮೊದಲಿಂದ ಹಾಕಿದಳು. ಈ ಸಲ ಪರದೆ ಕಪ್ಪಾದಾಗ ನಾನು ಕೈಯೆತ್ತಿ ಮಡಿಲಲ್ಲಿಟ್ಟುಕೊಂಡೆ. ಯಾರೂ ಕೆಮ್ಮಲೂ ಇಲ್ಲ. ಉಸ್ಸಪ್ಪಾ ಎನಿಸಿತು.

ಹೊರಗೆ ಕಾಮಗೆರೆಯ ನೆಂಟರಾಕೆ ಅಕ್ಕನನ್ನು ಕೇಳಿದಳು, "ಏನಾರ ತಿಳೀತಾ ನಿಂಗೆ?"

"ತಿಳೀಲಿಲ್ಲ ಕಣವ್ವ. ಆದ್ರೆ ಕಣ್ ಕೀಳಕ್ಕೂ ಆಗ್ಲಿಲ್ಲ."

ಸ್ಕೂಲಿನ ಮಾತು ಅಲ್ಲಿಗೇ ನಿಂತಿತು.

ಇವತ್ತು ಹನೂರಿನಲ್ಲಿ ಸೌಮ್ಯಳ ಹೊಸ ಚಿತ್ರ. ನಾನಿನ್ನೂ ಕಾಫಿ ಕುಡಿದಿಲ್ಲ, ಅಕ್ಕ ಆಗಲೇ ರೇಷ್ಮೆ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಾಳೆ.

"ಬಿರ್ನೆ ಒರಡು ಕಣ್ಲಾ. ತಡವಾದ್ರೆ ಮುಂದ್ಗಡೆ ಕುರ್ಚಿ ಸಿಕ್ಕಾಕಿಲ್ಲ."