ಮುಟ್ಟದೆ ಕೊಟ್ಟ ಶಿಕ್ಷೆ

ಪ್ರಿನ್ಸ್‌ಟನ್ನಿನಿಂದ ಹೊರಟಾಗ ರಾತ್ರಿಯ ಹಿಮ ರಸ್ತೆಯಲ್ಲಿ ಕೆಸರಾಗಿತ್ತು. ಗೆಳತಿ ವಸುಧಾ ಯುರೋಪಿನ ಇತಿಹಾಸ ಕಲಿಸುವವಳು. ಫ್ಲೋರಲ್ ಪಾರ್ಕಿನ ಕನ್ನಡ ಬಳಗದಲ್ಲಿ ಅಂದು ಅವಳ ಉಪನ್ಯಾಸ, ಕಾರು ನನ್ನದು. ಓಲ್ಡ್ ಬ್ರಿಡ್ಜ್‌ನಲ್ಲಿ ಶೈಲಾಳನ್ನು ಹತ್ತಿಸಿಕೊಂಡೆವು. ಬಳಗದ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದವಳು, ಗಂಡನಿಂದ ಬೇರೆಯಾದಾಗ ನಿಲ್ಲಿಸಿದ್ದಳು. ಮತ್ತೆ ಕ್ಲಾಸು ಕೊಡಿ ಎಂದು ಕೇಳಲು ಹೊರಟಿದ್ದಳು.

"ಕೊಡ್ತಾರೆ ಅಂತೀಯಾ? ನಂಗೆ ಆ ಪಿಳ್ಳೆಗಳ ಗಲಾಟೆ ಇಲ್ದೆ ಭಾನುವಾರಾನೇ ಕಳಿಯಲ್ಲ ಕಣೇ."

ಎರಡು ಸೇತುವೆ, ಎರಡು ಟೋಲು, ಬೆಲ್ಟ್ ಪಾರ್ಕ್‌ವೇಯ ಟ್ರಾಫಿಕ್ಕು ದಾಟಿ ಹಿಲ್‌ಸೈಡ್ ಅವೆನ್ಯೂ ಸೇರಿದೆವು. ಅಂಗಡಿಗಳ ಮೇಲಿನ ಸಭಾಂಗಣದಲ್ಲಿ ಅಲ್ಯೂಮಿನಿಯಂ ಟ್ರೇಗಳಲ್ಲಿ ಬಿಸಿಬೇಳೆಭಾತ್ ಆರುತ್ತಿತ್ತು.

ವಸುಧಾ ಹೇಳಿದ್ದಿಷ್ಟು. ನಾಲ್ಕು ಶತಮಾನಗಳ ಹಿಂದೆ ಯುರೋಪಿನ ಕೆಲವು ಚಿಂತಕರು, ಕುಡಿತ, ಸೋಮಾರಿತನ, ಮನೆಜಗಳದಂಥ ಕಾನೂನಿಗೆ ಸಿಗದ ತಪ್ಪುಗಳಿಗೆ ನಡತೆ ನೋಡುವ ಒಬ್ಬ ಅಧಿಕಾರಿ ಬೇಕೆಂದರು. ಅವನು ದಂಡ ಹಾಕಬಾರದು, ಸೆರೆಗೆ ತಳ್ಳಬಾರದು. ನಾಲ್ಕು ಜನರೆದುರು ಹೆಸರು ಹೇಳಿದರೆ ಸಾಕು, ನಾಚಿಕೆಯೇ ಶಿಕ್ಷೆ. "ಇದು ಸಭ್ಯವಾಗಿ ಕಾಣೋದೇ ಇದರ ಅಪಾಯ" ಎಂದು ಮುಗಿಸಿದಳು.

ಜೋರು ಚಪ್ಪಾಳೆ. ಮುಂದಿನ ಸಾಲಿನಿಂದ ನಿವೃತ್ತ ಡಾಕ್ಟರ್ ಅಂಕಲ್ ಎದ್ದರು. "ಎಕ್ಸಲೆಂಟ್ ಐಡಿಯಾ ಅಮ್ಮ! ನಮ್ ಬಳಗಕ್ಕೂ ಇದೇ ಬೇಕಿತ್ತು. ಬೈಯೋದು ಬೇಡ, ಹೊರಗೆ ಹಾಕೋದು ಬೇಡ. ಈಗ ನಮ್ ಶೈಲಾನೇ ತಗೊಳ್ಳಿ..."

"ಅಂಕಲ್, ನಾನು ಹೇಳಿದ್ದು ಅದರ ವಿರುದ್ಧ!"

"ಒಂದ್ನಿಮಿಷ ತಾಯಿ. ಶೈಲಾ, ಈಗ ಯಾರ ಜೊತೆ ಇದೀಯಮ್ಮ? ಮಕ್ಕಳು ಕೇಳಿದ್ರೆ ಏನ್ ಹೇಳೋಣ?"

ತಲೆಗಳೆಲ್ಲ ತಿರುಗಿದವು. ಒಬ್ಬ ಆಂಟಿ "ಪಾಪ" ಎಂದು ನಕ್ಕರು. ಶೈಲಾ ಎದ್ದು ಹೋದಳು. ಕೋಟು ಕುರ್ಚಿಯ ಮೇಲೇ ಉಳಿಯಿತು.

ನಾನು ಮೆಟ್ಟಿಲಿಳಿಯುವಷ್ಟರಲ್ಲಿ ಅವಳು ಸಿಗ್ನಲ್ ನೋಡದೆ ರಸ್ತೆಯ ನಡುವಿಗೆ ಹೋಗಿಬಿಟ್ಟಿದ್ದಳು. ಬಸ್ಸಿನ ಬ್ರೇಕು ಕಿರುಚಿತು. ಬಸ್ಸು ಕೆಸರಿನಲ್ಲಿ ಜಾರಿ ಬಂದು ಅವಳಿಂದ ಒಂದು ಗೇಣು ದೂರದಲ್ಲಿ ನಿಂತಿತು. ಕಣ್ಣು ಮುಚ್ಚಿದರೆ ಈಗಲೂ ಆ ಗೇಣು ಕಾಣುತ್ತದೆ; ಕೆಲವು ಸಲ ಅದು ಇರುವುದೇ ಇಲ್ಲ.

ಅವಳನ್ನು ಈಚೆಗೆ ಕರೆತರುವಷ್ಟರಲ್ಲಿ ಅಂಕಲ್ ತಟ್ಟೆ ಹಿಡಿದೇ ಕೆಳಗಿನ ಬಾಗಿಲಿಗೆ ಬಂದಿದ್ದರು. "ಯಾರೂ ಏನೂ ಮಾಡ್ಲಿಲ್ವಲ್ಲ! ಇಷ್ಟಕ್ಕೇ ಓಡೋದಾ?"

ವಾಪಸು ಬರುವಾಗ ಹೀಟರ್ ಪೂರ್ತಿ ತಿರುಗಿಸಿದ್ದರೂ ಶೈಲಾ ನಾನು ತಂದುಕೊಟ್ಟ ಕೋಟನ್ನು ಕತ್ತಿನವರೆಗೆ ಎಳೆದುಕೊಂಡಿದ್ದಳು. ವಸುಧಾ ಅವಳ ಕೈ ಹಿಡಿದುಕೊಂಡೇ ಕುಳಿತಿದ್ದಳು. ಸೇತುವೆ ಹತ್ತುತ್ತಿದ್ದಂತೆ ಬಳಗದ ವಾಟ್ಸಾಪ್ ಗುಂಪಿನಿಂದ ಸಂದೇಶ ಬಂತು. ವಸುಧಾ ಓದಿದಳು: ಅರ್ಥಪೂರ್ಣ ಉಪನ್ಯಾಸಕ್ಕೆ ಧನ್ಯವಾದಗಳು. ಮಕ್ಕಳ ಕನ್ನಡ ತರಗತಿಗೆ ಸೂಕ್ತ ಶಿಕ್ಷಕರು ಬೇಕಾಗಿದ್ದಾರೆ.

ಸೇತುವೆ ಮುಗಿಯುವವರೆಗೂ ಅದರ ಕೆಳಗೆ ಮೆಚ್ಚುಗೆಯ ಹೆಬ್ಬೆರಳುಗಳು ಏಳುತ್ತಲೇ ಇದ್ದವು.