ನನ್ನ ಹದಿನೆಂಟು ಮಾರು

ಅಳತೆಯ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂದೇ ನಂಬಿದ್ದೆ. ಮೂವತ್ತು ವರ್ಷ ಗಣಿತ ಕಲಿಸಿದವನು ನಾನು. ಅದಕ್ಕೂ ಮೊದಲು ದೊಡ್ಡಆಲಹಳ್ಳಿಯಲ್ಲಿ ಅಪ್ಪನ ಜೊತೆ ಬಾವಿ ಹಗ್ಗವನ್ನು ಮಾರು ಹಾಕಿ ಅಳೆದವನು. ಎರಡೂ ಕೈ ಅಗಲಕ್ಕೆ ಚಾಚಿದರೆ ಒಂದು ಮಾರು, ಒಂದು ಮಾರೆಂದರೆ ಆರಡಿ. ಟೇಪು ಹಿಡಿದು ಬಗ್ಗಿ ಏಳುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು.

ಚನ್ನಪಟ್ಟಣದ ನಮ್ಮ ಮನೆಗೆ ಬೇಲಿಯ ಯೋಚನೆ ಬಂದದ್ದು ಪಕ್ಕದ ಮನೆಯ ಆಡುಗಳಿಂದ. ಆ ಮನೆಯ ಯಜಮಾನರು ಬೊಂಬೆ ಮಾಡುವವರು. ನಾನು ಅವರನ್ನು ಸಾಹೇಬರೇ ಎನ್ನುತ್ತಿದ್ದೆ, ಅವರು ನನ್ನನ್ನು ಮೇಷ್ಟ್ರೇ ಎನ್ನುತ್ತಿದ್ದರು. ಅವರಿಗೆ ಕನ್ನಡ ಮಾತು ನೀರು ಕುಡಿದಷ್ಟು ಸಲೀಸು, ಓದಲು ಮಾತ್ರ ಬಾರದು. ಬೆಳಗಿನ ನಮಾಜು ಮುಗಿಸಿ ನಮ್ಮ ಬೀದಿ ಗೋಡೆಯ ತುದಿಯಿಂದ ನುಸುಳಿ ಬಂದು ಜಗಲಿಯ ಮೇಲೆ ಕೂರುತ್ತಿದ್ದರು. ನಾನು ಪೇಪರ್ ಗಟ್ಟಿಯಾಗಿ ಓದುತ್ತಿದ್ದೆ, ಅವರು ಸುದ್ದಿಗೊಂದು ಕೊಂಕು ತೆಗೆಯುತ್ತಿದ್ದರು. ಇದು ವರ್ಷಗಟ್ಟಲೆ ನಡೆದಿತ್ತು.

ಒಂದು ದಿನ ಅವರ ಆಡುಗಳು ಹೂ ಬಿಟ್ಟಿದ್ದ ನನ್ನ ಅವರೆ ಬಳ್ಳಿಯನ್ನು ಬುಡಸಮೇತ ಮೇದುಬಿಟ್ಟವು. ನನ್ನ ಪಿತ್ತ ನೆತ್ತಿಗೇರಿತು. "ಬೇಲಿ ಹಾಕಿಸ್ತೀನಿ! ಆ ಕಡೆಯಿಂದ ಒಂದು ನೊಣವೂ ಈ ಕಡೆ ಬರಬಾರದು!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದೆ.

ಮಾರನೆಯ ದಿನ ಸಾಹೇಬರು ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಒಬ್ಬನೇ ಓದಿದರೆ ಪೇಪರ್ ಹತ್ತು ನಿಮಿಷಕ್ಕೆ ಮುಗಿಯುತ್ತಿತ್ತು. ನಿಜ ಹೇಳಬೇಕೆಂದರೆ ನನಗೆ ಬಹಳ ಬೇಸರವಾಗಿತ್ತು. ಆದರೆ ಹೋಗಿ ಕರೆಯಲು ನನ್ನ ಜಂಭ ಬಿಡಲಿಲ್ಲ, ಆಡಿದ ಮಾತಿಗಾದರೂ ಬೇಲಿ ಆಗಲೇಬೇಕಿತ್ತು.

ಅಲ್ಯೂಮಿನಿಯಮ್ಮೇ ಆಗಲಿ ಎಂದು ತೀರ್ಮಾನಿಸಿದೆ. ತುಕ್ಕು ಹಿಡಿಯುವುದಿಲ್ಲ, ಗೆದ್ದಲು ಮುಟ್ಟುವುದಿಲ್ಲ, ಸರಳುಗಳ ನಡುವೆ ಗಿಡಗಳಿಗೆ ಬಿಸಿಲೂ ತಪ್ಪುವುದಿಲ್ಲ. ರಾಮನಗರದ ಅಂಗಡಿಯಲ್ಲಿ ಒಂದೊಂದು ಪ್ಯಾನಲ್ಲೂ ಸರಿಯಾಗಿ ಆರಡಿ, ಅಂದರೆ ಒಂದು ಮಾರು. ಇನ್ನೇನು ಬೇಕು? ಬೀದಿ ಕಡೆ ಕಲ್ಲಿನ ಗೋಡೆ ಮೊದಲೇ ಇತ್ತು. ಅದರ ಎಡತುದಿಯಿಂದ ಹೊರಟು, ಹಿತ್ತಲು ಬಳಸಿ, ಸಾಹೇಬರ ಮನೆ ಪಕ್ಕದ ಬಲತುದಿಯವರೆಗೆ ಕೈ ಚಾಚುತ್ತಾ ಬಂದೆ. ಹದಿನೆಂಟು ಮಾರು. ಸಾಹೇಬರು ಕೈಯಲ್ಲೊಂದು ಮರದ ತುಂಡು ಹಿಡಿದು ತಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನಾನು ಎದೆ ಉಬ್ಬಿಸಿ ಒಳಗೆ ಹೋಗಿ ಹದಿನೆಂಟು ಪ್ಯಾನಲ್ಲಿಗೆ ಫೋನ್ ಮಾಡಿದೆ.

ಅಂಗಡಿಯವರು ಕಳಿಸಿದ ಫಿಟ್ಟರ್ ಎಡತುದಿಯಿಂದ ಶುರು ಮಾಡಿದ. ದಾರ ಕಟ್ಟಿ, ಗುಂಡಿ ತೋಡಿ, ಕಾಂಕ್ರೀಟ್ ಹಾಕಿ ಕಂಬ ನೆಡುತ್ತಾ ಬಂದ. ಸಾಲು ಎಷ್ಟು ನೆಟ್ಟಗಿತ್ತೆಂದರೆ ಹೋಗಿಬರುವವರನ್ನು ಕರೆದು ತೋರಿಸಿದೆ. ಮೂರನೆಯ ದಿನ ಕೊನೆಯ ಕಂಬ ಗೋಡೆಗೆ ನಾಲ್ಕೂವರೆ ಅಡಿ ಈಚೆಗೇ ನಿಂತಿತು. ಸಾಹೇಬರು ನುಸುಳಿ ಬರುತ್ತಿದ್ದ ಜಾಗವೇ ಖಾಲಿ ಉಳಿದಿತ್ತು.

ಫಿಟ್ಟರ್ ನನ್ನ ಕೈ ಚಾಚಿಸಿ ಟೇಪು ಹಿಡಿದ. "ಆರಡಿ ಮೂರಿಂಚು ಐತೆ ಸಾ! ನೀವು ಉದ್ದ ಅಲ್ವಾ, ಮಾರಿಗೆ ಮೂರಿಂಚು ಕಮ್ಮಿ ಬಂದ್ಬುಟ್ಟದೆ. ನಾಳೆ ಒಂದ್ ಪೀಸ್ ತತ್ತೀನಿ, ಮುಚ್ಬುಡಣ."

ಹದಿನೆಂಟು ಮೂರಲ ಐವತ್ನಾಲ್ಕು ಅಂಗುಲ. ಮೂವತ್ತು ವರ್ಷ ನಾನೇ ಹೇಳಿಸಿದ ಮಗ್ಗಿ.

ಆಗ ಸಾಹೇಬರು ಬಂದರು. ಆ ಸಂದಿನ ಆಚೆಗೇ ನಿಂತರು, ಒಳಗೆ ಕಾಲಿಡಲಿಲ್ಲ.

"ಅವತ್ತೇ ಗೊತ್ತಾಯ್ತು ಮೇಷ್ಟ್ರೇ. ಬೊಂಬೆ ಕಡೆಯೋ ಕಣ್ಣು ಇದು. ನಿಮ್ ಕೈ ಆರಡಿಗೆ ನಿಲ್ಲಾಕಿಲ್ಲ."

"ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ರಾ?" ಎಂದು ರೇಗಿದೆ.

"ಹೇಳಿದ್ರೆ ನೀವು ಸರಿಯಾಗಿ ಅಳೆದ್ಬುಡ್ತಿದ್ರಿ" ಎಂದರು.

ಪೀಸ್ ಬೇಡ, ಅಲ್ಲೊಂದು ಸಣ್ಣ ಗೇಟು ಸಾಕು, ಚಿಲಕ ಆ ಕಡೆಯಿಂದಲೂ ತೆಗೆಯುವಂತಿರಲಿ ಎಂದು ಫಿಟ್ಟರ್‌ಗೆ ಹೇಳಿ, ಪೇಪರ್ ತರಲು ಒಳಗೆ ಹೋದೆ.