ಎತ್ತಿ ಕುಡಿಯುವ ನೀರು

ಕೆಂಪಮ್ಮ, ನಿಮ್ಮ ಹೆಸರಿನ ಮುಂದೆ ಆ ಸೊನ್ನೆ ಹಾಕಿದವಳು ನಾನು. ಗೊತ್ತಿಲ್ಲದೆ ಹಾಕಿದ್ದಲ್ಲ — ಗೊತ್ತಿದ್ದೇ.

ಮೂರು ವರ್ಷವಾಯಿತು. ಮಳವಳ್ಳಿಯ ಆರೋಗ್ಯ ಶಿಬಿರದಲ್ಲಿ, ಕೈನಡುಕ ಇರುವವರಿಗೆ ದಿನದ ಕೆಲಸ ಎಷ್ಟು ಕಷ್ಟ ಎಂದು ಅಳೆಯುವುದು ನನ್ನ ಪಾಲಿಗೆ ಬಂದಿತ್ತು. ಗುಂಡಿ ಹಾಕುವುದು, ತುತ್ತು ಎತ್ತುವುದು, ತಲೆ ಬಾಚುವುದು, ನೀರು ಕುಡಿಯುವುದು — ಒಂದೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ. ಸೊನ್ನೆ ಎಂದರೆ ತೊಂದರೆಯೇ ಇಲ್ಲ. ಅಂಕ ಹೆಚ್ಚು ಬಂದವರನ್ನು ಮಂಡ್ಯದ ದೊಡ್ಡ ಡಾಕ್ಟರ ಹತ್ತಿರ ಕಳಿಸುತ್ತಿದ್ದೆವು.

ಬೆಳಕವಾಡಿಯಿಂದ ಬಂದಿದ್ದ ನೀವೇ ಅವತ್ತು ಕೊನೆಯವರು. ಸ್ಟೀಲ್ ಲೋಟದಲ್ಲಿ ನೀರು ಕೊಟ್ಟೆ. ಎರಡೂ ಕೈಯಲ್ಲಿ ಹಿಡಿದು, ತುಟಿಗೆ ಒತ್ತಿಕೊಂಡು, ಒಂದು ಹನಿ ಚೆಲ್ಲದೆ ಕುಡಿದಿರಿ. ಆಮೇಲೆ ಲೋಟವನ್ನು ಸೆರಗಿನಿಂದ ಒರೆಸುತ್ತಾ, ತಪ್ಪು ಮಾಡಿದವರ ಹಾಗೆ ಅತ್ತಿತ್ತ ನೋಡಿ ಹೇಳಿದಿರಿ — "ಕಚ್ಚಿ ಕುಡುದ್ಬುಟ್ಟೆ ಕಣವ್ವ, ತೊಳ್ದು ಮಡಗ್ತೀನಿ. ಎತ್ತಿ ಕುಡಿಯಕ್ಕಾಗಲ್ಲ, ಮೈಯೆಲ್ಲ ಸುರ್ಕೊತೀನಿ. ಗದ್ದೇಲಿ ಎಲ್ಲಾರ್ಗೂ ಒಂದೇ ಚೊಂಬು... ಅದ್ಕೇ ಸಂಜೆಗಂಟ ನೀರೇ ಮುಟ್ಟಲ್ಲ."

ಇದಕ್ಕಿಂತ ದೊಡ್ಡ ತೊಂದರೆ ಇನ್ನೇನು ಬೇಕಿತ್ತು? ನಾಟಿ ಹಾಕುವ ಹೆಂಗಸು, ಆ ಬಿಸಿಲಿನಲ್ಲಿ, ಕೆಸರಿನಲ್ಲಿ ನಿಂತು, ಬಾಯಾರಿ — ನನಗೆ ಎಲ್ಲ ಅರ್ಥವಾಗಿತ್ತು. ನಾನೂ ಇದೇ ಸೀಮೆಯವಳು. ಹತ್ತು ಜನ ಕುಡಿಯುವ ಚೊಂಬಿಗೆ ಬಾಯಿ ತಾಗಿಸಿ ಬೈಸಿಕೊಂಡೇ ಬೆಳೆದವಳು. ಆದರೆ ಹಾಳೆಯಲ್ಲಿ ‘ಲೋಟದಿಂದ ಕುಡಿಯುವುದು’ ಎಂದಷ್ಟೇ ಇತ್ತು. ಬೇರೆ ಏನಾದರೂ ಬರೆಯಬೇಕೆಂದರೆ ಶಿಬಿರದ ಡಾಕ್ಟರನ್ನು ಕೇಳಬೇಕು, ಕೇಳುತ್ತ ನಿಂತರೆ ನನ್ನ ಬಸ್ಸು... ಸೊನ್ನೆ ಹಾಕಿದೆ. ಉಳಿದವನ್ನು ಕೇಳಿದಂತೆ ಮಾಡಿ — ಸೊನ್ನೆ, ಒಂದು, ಸೊನ್ನೆ. ಬಸ್ಸು ಸಿಕ್ಕಿತು. ಕಿಟಕಿ ಪಕ್ಕದ ಸೀಟೂ ಸಿಕ್ಕಿತು.

ಹೋದ ತಿಂಗಳು ಬೇರೆ ಕೆಲಸಕ್ಕೆ ಬೆಳಕವಾಡಿಗೆ ಬಂದವಳು ನಿಮ್ಮ ಜಗಲಿಯಲ್ಲಿ ಕುಳಿತೆ. ನಿಮಗೆ ನನ್ನ ಗುರುತು ಸಿಗಲಿಲ್ಲ. ನೀವು ಕೈಯನ್ನು ಸೆರಗಿನೊಳಗೆ ಅಡಗಿಸಿಕೊಂಡಿದ್ದನ್ನು ನೋಡಿ ನಿಮ್ಮ ಸೊಸೆ ನಕ್ಕಳು — "ನಾಟ್ಕ ಕಣಕ್ಕ. ಆಸ್ಪತ್ರೆಯೋರೇ ಏನೂ ಇಲ್ಲ ಅಂತ ಬರ್ದವ್ರೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನನ್ನ ಕೈ ಚೀಲದೊಳಗಿನ ಪೆನ್ನಿನ ಮೇಲೆ ಹೋಯಿತು. ನೀವು ಮಾತ್ರ ಮೆಲ್ಲಗೆ ಅಂದಿರಿ — "ಓದ್ದೋರು ಸುಳ್ಳು ಬರೀತಾರಾ? ನಂದೇ ಏನೋ ಬಯ ಇರ್ಬೇಕು ಬುಡು."

ಬರೆದವಳು ನಾನೇ ಎಂದು ಆಗಲಾದರೂ ಹೇಳಬಹುದಿತ್ತು. ಸೊಸೆ ತಂದುಕೊಟ್ಟ ಚೊಂಬನ್ನು ನಿಮ್ಮೆದುರೇ ಎತ್ತಿ, ಗಟಗಟ ಕುಡಿದು, ಎದ್ದು ಬಂದೆ. ಅವತ್ತಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ.

ಹಳೆಯ ಹಾಳೆ ಹುಡುಕಿ ಶಿಬಿರದ ಡಾಕ್ಟರ ಮುಂದಿಟ್ಟು, ಮಾಡಿದ್ದನ್ನು ಹೇಳಿದ್ದೇನೆ. ನಿಮ್ಮನ್ನು ಕರೆತರಲು ಹೇಳಿದ್ದಾರೆ. ನಿಮಗೆ ಓದು ಬಾರದು. ಭಾನುವಾರ ನಾನೇ ಬಂದು ಈ ಕಾಗದವನ್ನು ಓದುತ್ತೇನೆ — ನಿಮ್ಮ ಸೊಸೆ ಮನೆಯಲ್ಲಿರುವ ಹೊತ್ತಿಗೇ, ಅವಳಿಗೂ ಕೇಳುವಂತೆ.